ನೂರು ಮಿಲಿ ಎಣ್ಣೆ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಆ ದಿನ ಅಲ್ಲಿದ್ದವರೆಲ್ಲ ಕತೆಯನ್ನು ಹನ್ನೊಂದೂಕಾಲಿನಿಂದ ಶುರುಮಾಡುತ್ತಾರೆ. ಆದಿವಾಲದ ಕಡೆಯ ಒಂದು ಒಣಕೆರೆಯ ಅಂಗಳದಲ್ಲಿ ತಿಪ್ಪೇಶ ಬೈಕಿನ ಸಮೇತ ಉರುಳಿದ್ದು ಆಗ. ಕೆಟ್ಟದ್ದು ಶುರುವಾದದ್ದು ಅದಕ್ಕೂ ಮೂವತ್ತೈದು ನಿಮಿಷ ಮೊದಲು, ಒಂದು ಜಾಲಿಮರದ ಕೆಳಗೆ, ನನ್ನ ಕೈಯಲ್ಲಿ. ಕಳೆದ ತಿಂಗಳವರೆಗೆ ಇದು ನನ್ನೊಬ್ಬನಿಗೇ ಗೊತ್ತಿತ್ತು.

ನಮ್ಮ ಚಿತ್ರದುರ್ಗದಲ್ಲಿ ನಿವೃತ್ತರಾದ ನಾಲ್ಕೈದು ಜನ ಹಳೆಯ ಟೂ-ಸ್ಟ್ರೋಕ್ ಬೈಕುಗಳನ್ನು ಗುಜರಿಯಿಂದ ಎತ್ತಿ ತಂದು, ಬಣ್ಣ ಹೊಡೆಸಿ, ಭಾನುವಾರ ಜೋಗಿಮಟ್ಟಿ ಕಡೆ ಸವಾರಿ ಹೋಗುತ್ತಾರೆ. ಅವರಲ್ಲೊಬ್ಬರು ಬ್ಯಾಂಕಿನಲ್ಲಿದ್ದ ರುದ್ರಪ್ಪನವರು. ಕಳೆದ ತಿಂಗಳು ನಮ್ಮ ಗೇಟಿನ ಮುಂದೆಯೇ ಬೈಕು ನಿಲ್ಲಿಸಿ ಎಕ್ಸಿಲರೇಟರ್ ತಿರುವಿದರು. ಪೆಟ್ರೋಲಿನ ಜೊತೆ ಸುಟ್ಟ ಎಣ್ಣೆಯ ನೀಲಿ ಹೊಗೆ ವರಾಂಡದವರೆಗೂ ಬಂತು.

"ಮೂಸಿ ನೋಡ್ರಿ ಸಾರ್! ಈ ವಾಸ್ನೆಗೆ ನಾನು ಇಪ್ಪತ್ತು ವರ್ಷದೋನಾಗ್ಬಿಡ್ತೀನಿ."

ನಾನೂ ಇಪ್ಪತ್ತನಾಲ್ಕರವನಾದೆ. ಅವರಿಗಾದಷ್ಟು ಸಂತೋಷ ನನಗಾಗಲಿಲ್ಲ. ಗೇಟಿನ ಸರಳು ಹಿಡಿದುಕೊಂಡು ನಿಂತೆ.

ನೀವು ಆ ಗಾಡಿಗಳನ್ನು ಓಡಿಸಿಲ್ಲದಿದ್ದರೆ ರುದ್ರಪ್ಪನವರ ಮಾತನ್ನು ಪೂರ್ತಿ ನಂಬಬೇಡಿ. ಕಿಕ್ ಹೊಡೆದರೆ ಗಾಡಿ ತಿರುಗಿ ನಮಗೇ ಹೊಡೆಯುತ್ತಿತ್ತು. ನನ್ನ ಬಲಗಾಲಿನ ಕಣಕಾಲು ಒಂದಿಡೀ ಬೇಸಿಗೆ ಊದಿಕೊಂಡೇ ಇತ್ತು. ಸೈಲೆನ್ಸರ್ ತಾಗಿ ಪ್ಯಾಂಟು ಸುಟ್ಟು, ಪ್ಯಾಂಟಿನೊಳಗಿನ ಚರ್ಮವೂ ಸುಡುತ್ತಿತ್ತು. ಅರ್ಧ ಗಂಟೆ ಓಡಿಸಿ ಇಳಿದರೆ ಕೈ ಜೋಮು ಹಿಡಿದು ಕಾಫಿ ಲೋಟ ಎತ್ತಲಾಗುತ್ತಿರಲಿಲ್ಲ. ಬ್ರೇಕು ಇತ್ತು ಎನ್ನುವುದು ಒಂದು ನಂಬಿಕೆ. ಎಕ್ಸಿಲರೇಟರ್ ಅರ್ಧ ತಿರುವುವ ತನಕ ಎತ್ತಿನ ಗಾಡಿ, ಅಲ್ಲಿಂದ ಮುಂದೆ ಹುಚ್ಚು ಕುದುರೆ. ಇದನ್ನೆಲ್ಲ ಮರೆತು ನೆನಪಿನಲ್ಲಿ ಹೊಗೆಯೊಂದನ್ನೇ ಉಳಿಸಿಕೊಳ್ಳಲು ಒಳ್ಳೆಯ ಅದೃಷ್ಟ ಬೇಕು.

ತಿಪ್ಪೇಶ ಆದಿವಾಲದವನು. ಕುರಿ ಕಾಯುವ ಮನೆತನ. ಚಿತ್ರದುರ್ಗಕ್ಕೆ ಬಂದು ಇಮಾಮ್ ಸಾಬರ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ. ನಾನು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್. ಇಬ್ಬರಿಗೂ ಒಂದೇ ವಯಸ್ಸು, ಒಂದೇ ಹುಚ್ಚು. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಇಬ್ಬರೂ ಸೇರಿ ಒಂದು ಇನ್ನೂರೈವತ್ತು ಸಿಸಿಯ ಹಳೇ ಗಾಡಿ ಹಿಡಿದೆವು. ಮಡ್‌ಗಾರ್ಡು, ಲೈಟು ಎಲ್ಲ ಬಿಚ್ಚಿ ಎಸೆದು, ಸಿಲಿಂಡರಿನ ಒಳಬದಿ ಕೊರೆಸಿ ಅಗಲ ಮಾಡಿಸಿ, ಒಂದು ಅಳತೆ ದೊಡ್ಡ ಪಿಸ್ಟನ್ ಕೂರಿಸಿದೆವು. ವಿದೇಶಿ ಪತ್ರಿಕೆಯೊಂದರಲ್ಲಿ ಮಣ್ಣಿನ ದಿಬ್ಬ ಹಾರುವ ಬೈಕುಗಳ ಚಿತ್ರ ನೋಡಿದ್ದೆವು. ನಮ್ಮಲ್ಲಿ ಮಣ್ಣಿಗೂ ದಿಬ್ಬಕ್ಕೂ ಬರವಿರಲಿಲ್ಲ. ಹೊಸದುರ್ಗದ ಹುಡುಗರು, ಹಿರಿಯೂರಿನವರು, ನಾವು, ಎಲ್ಲ ಸೇರಿ ಒಣಕೆರೆಯಲ್ಲಿ ಪಂದ್ಯ ಇಟ್ಟುಕೊಂಡೆವು.

ಆ ಗಾಡಿಗಳಿಗೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಬೇಕು. ಎಂಜಿನ್ನಿಗೆ ಜಿಡ್ಡು ಸಿಗುವುದು ಅದರಿಂದ ಮಾತ್ರ. ಇಮಾಮ್ ಸಾಬರು ಹಿಂದಿನ ದಿನವೇ ಹೇಳಿ ಕಳಿಸಿದ್ದರು: "ಹೊಸ ಪಿಸ್ಟನ್ ಐತೆ, ಇನ್ನೂ ಬಿಗಿ. ಐದು ಲೀಟ್ರಿಗೆ ಕಾಲು ಲೀಟ್ರು ಎಣ್ಣೆ. ಅದ್ರಾಗೆ ಜುಗ್ಗತನ ಮಾಡ್ಬ್ಯಾಡ್ರಿ."

ಅಂದು ಬೆಳಿಗ್ಗೆ ಅಭ್ಯಾಸದಲ್ಲಿ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಪ್ಲಗ್ ಬಿಚ್ಚಿದರೆ ಎಣ್ಣೆಯಿಂದ ಒದ್ದೆ. ತಿಪ್ಪೇಶ ತಲೆ ಕೆರೆದುಕೊಂಡ. ನನ್ನೊಳಗಿನ ಪದವೀಧರ ಎದ್ದು ನಿಂತ. ಹೊಗೆ ಎಂದರೆ ಉರಿಯದೆ ಉಳಿದ ಎಣ್ಣೆ, ಉರಿಯದ್ದು ದಂಡ, ದಂಡವಾದದ್ದನ್ನು ಕಡಿಮೆ ಮಾಡಿದರೆ ವೇಗ ಹೆಚ್ಚು. ಎಷ್ಟು ಚೆಂದದ ತರ್ಕ ನೋಡಿ! ಇಮಾಮ್ ಸಾಬರು ಓದಿದ್ದು ಮೂರನೇ ಕ್ಲಾಸು, ನಾನು ಬಿ.ಎಸ್ಸಿ. ಲ್ಯಾಬಿನಿಂದ ಟವೆಲಿನಲ್ಲಿ ಸುತ್ತಿ ತಂದಿದ್ದ ಗಾಜಿನ ಅಳತೆ ಜಾಡಿಯಲ್ಲಿ, ಕಣ್ಣಿನ ಮಟ್ಟಕ್ಕೆ ಹಿಡಿದು, ಪಂದ್ಯದ ಐದು ಲೀಟರಿಗೆ ನೂರೈವತ್ತು ಮಿಲಿ ಅಳೆದೆ. ಸಾಬರು ಹೇಳಿದ್ದಕ್ಕಿಂತ ನೂರು ಮಿಲಿ ಕಡಿಮೆ. ಕೈಗಡಿಯಾರ ನೋಡಿಕೊಂಡೆ, ಹತ್ತೂ ನಲವತ್ತು. ತಿಪ್ಪೇಶ ಆಗ ಚೈನು ಬಿಗಿಮಾಡುತ್ತಿದ್ದ.

"ಲೇ ಮೇಷ್ಟ್ರೇ, ಕಷಾಯ ಆತೇನೋ?"

"ಆತು. ಇನ್ನು ನೋಡು, ಹೊಗೇನೇ ಬರಲ್ಲ."

"ಹೊಗೆ ಬರದಿದ್ರೆ ಹೊಸದುರ್ಗದೋರ್ಗೆ ನಾನೆಲ್ಲಿದೀನಿ ಅಂತ ಹೆಂಗ್ ಗೊತ್ತಾಗ್ಬೇಕಲೇ?" ಎಂದು ನಕ್ಕ.

ಮೊದಲ ಎರಡು ಸುತ್ತು ನನ್ನ ತರ್ಕವೇ ಗೆದ್ದಿತು. ಗಾಡಿ ಹಾಗೆ ಓಡಿದ್ದೇ ಇಲ್ಲ. ಕೆರೆ ಏರಿಯ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ ತಿಪ್ಪೇಶನ ಅಪ್ಪ ಕೂಡ ಕೋಲು ಎತ್ತಿ ಕೂಗಿದ. ಮೂರನೇ ಸುತ್ತಿನ ನೇರ ಹಾದಿಯಲ್ಲಿ ಎಕ್ಸಿಲರೇಟರ್ ಪೂರ್ತಿ ತಿರುವಿಕೊಂಡು ಬಂದ ತಿಪ್ಪೇಶ, ಹಾದಿ ಹೊರಳುವಲ್ಲಿ ಅದನ್ನು ಸಡಿಲ ಬಿಟ್ಟ. ಕಿರುಚುತ್ತಿದ್ದ ಎಂಜಿನ್ನಿನಿಂದ ಒಂದು ಕೀರಲು ದನಿ ಬಂತು. ಆಮೇಲೆ ಸದ್ದೇ ಇಲ್ಲ. ಈ ಸದ್ದಿಲ್ಲದ ಭಾಗವೇ ನನ್ನ ಕಣ್ಣ ಮುಂದೆ ಮತ್ತೆ ಮತ್ತೆ ಬರುವುದು. ಹಿಂದಿನ ಚಕ್ರ ತಿರುಗದೆ ನೆಲ ಗೀರುತ್ತಿದೆ, ಗಾಡಿ ಅಡ್ಡವಾಗುತ್ತಿದೆ, ತಿಪ್ಪೇಶ ಇನ್ನೂ ಅದರ ಮೇಲೆಯೇ ಇದ್ದಾನೆ, ಯಾಕೆ ಹೀಗೆ ಎಂದು ಕೆಳಗೆ ನೋಡುತ್ತಿದ್ದಾನೆ. ನಾನು "ಕ್ಲಚ್!" ಎಂದು ಕೂಗುತ್ತೇನೆ. ನಿಜಕ್ಕೂ ಅಂದು ಕೂಗಿದೆನೋ, ಆಮೇಲೆ ಸೇರಿಸಿಕೊಂಡೆನೋ, ಈಗ ಹೇಳಲಾರೆ. ಗಾಡಿ ಅವನ ಎಡ ಮಂಡಿಯ ಮೇಲೆ ಬಿತ್ತು, ಎದ್ದಿತು, ಮತ್ತೆ ಬಿತ್ತು.

ಎತ್ತಿನ ಗಾಡಿಯಲ್ಲಿ ರಸ್ತೆಗೆ, ಅಲ್ಲಿಂದ ಲಾರಿಯಲ್ಲಿ ಆಸ್ಪತ್ರೆಗೆ. ಮಂಡಿ ಮತ್ತೆ ಮಡಚಲಿಲ್ಲ.

ವಾರದ ಮೇಲೆ ಇಮಾಮ್ ಸಾಬರು ಎಂಜಿನ್ ಬಿಚ್ಚಿದರು. ಜಿಡ್ಡು ಸಾಲದೆ ಕಾದು ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಅವರು ಗೀರುಗಳ ಮೇಲೆ ಬೆರಳಾಡಿಸಿ ನನ್ನ ಮುಖ ನೋಡಿದರು. "ಎಣ್ಣೆ ನಾ ಹೇಳ್ದಷ್ಟೇ ಹಾಕಿದ್ರೇನ್ರಿ?"

"ಹ್ಞೂಂ. ಅಷ್ಟೇ."

ಅವರು ನಂಬಿದರು, ಓದಿದವರ ಮಾತು. "ಹಂಗಾದ್ರೆ ಹುಡುಗಂದೇ ತಪ್ಪು. ಜಾಮ್ ಆದಾಗ ಕ್ಲಚ್ ಹಿಡಿದಿದ್ರೆ ಚಕ್ರ ಬಿಡ್ತಿತ್ತು. ಕೈ ತಡ ಆತು."

ಆ ಮಾತು ಗ್ಯಾರೇಜಿನಿಂದ ಆದಿವಾಲಕ್ಕೆ ಹೋಯಿತು, ಹೊಸದುರ್ಗಕ್ಕೂ ಹೋಯಿತು. ತಿಪ್ಪೇಶನ ಕೈ ತಡ. ನಾನು ಆಸ್ಪತ್ರೆಗೆ ಕಿತ್ತಳೆ ಹಣ್ಣು ತೆಗೆದುಕೊಂಡು ಹೋದಾಗ ಅವನೇ ಹೇಳಿದ: "ನೀನು ಮಾಡೋದೆಲ್ಲ ಸರಿ ಮಾಡಿದ್ದೆ ಮೇಷ್ಟ್ರೇ. ನನ್ ಕೈಯೇ ಕೈ ಕೊಡ್ತು." ನಾನು ಹಣ್ಣು ಸುಲಿದು ಕೊಟ್ಟೆ. ಆ ರಾತ್ರಿಯಿಂದ ಎರಡು ಗಂಟೆಗೋ ಮೂರಕ್ಕೋ ಎಚ್ಚರವಾಗುವುದು ಶುರುವಾಯಿತು. ಮದುವೆಯಾಯಿತು, ಲೆಕ್ಚರರ್ ಆದೆ, ಪಿಂಚಣಿಯೂ ಬಂತು. ಎಚ್ಚರವಾಗುವುದು ಮಾತ್ರ ನಿಲ್ಲಲಿಲ್ಲ.

ಗೇಟಿನ ಮುಂದೆ ರುದ್ರಪ್ಪನವರು ಇನ್ನೂ ಮಾತಾಡುತ್ತಿದ್ದರು. ಹೊಸದುರ್ಗದ ತಂಡದಲ್ಲಿ ಅಂದು ಅವರೂ ಇದ್ದರು. "ನಿಮ್ ತಿಪ್ಪೇಶ ಏನ್ ಓಡಿಸ್ತಿದ್ದ ಸಾರ್! ಆದ್ರೆ ಕ್ಲಚ್ ಹಿಡಿಯಾಕೇ ಬರ್ತಿರ್ಲಿಲ್ಲ, ಪಾಪ," ಎಂದು ಎಡಗೈ ಬೆರಳುಗಳನ್ನು ಸೊಟ್ಟ ಮಾಡಿ ತೋರಿಸಿ ನಕ್ಕರು. ಹಿಂದಿನ ಸೀಟಿನಲ್ಲಿ ಕೂತಿದ್ದ ಅವರ ಮೊಮ್ಮಗಳೂ ನಕ್ಕಳು. ಅವಳು ತಿಪ್ಪೇಶನನ್ನು ನೋಡಿಯೇ ಇಲ್ಲ.

ಮಾರನೆಯ ಬೆಳಿಗ್ಗೆ ಹೊಳಲ್ಕೆರೆಯ ಬಸ್ಸು ಹತ್ತಿದೆ. ತಿಪ್ಪೇಶ ಅಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟು ಬಹಳ ವರ್ಷವಾಗಿದೆ. ಎಡಗಾಲನ್ನು ಸ್ಟೂಲಿನ ಮೇಲೆ ನೆಟ್ಟಗೆ ಚಾಚಿ ಕುಳಿತಿದ್ದ. ನೋಡಿದ ಕೂಡಲೇ, "ಲೇ ಮೇಷ್ಟ್ರೇ! ದಾರಿ ತಪ್ಪಿತೇನೋ?" ಎಂದ.

ನಾನು ಕೂರಲಿಲ್ಲ. ಕೂತರೆ ಹೇಳುತ್ತಿರಲಿಲ್ಲ. ನಿಂತೇ ಹೇಳಿದೆ.

ಕೇಳುತ್ತಿದ್ದಂತೆ ಅವನ ಕೈಯ ಸ್ಕ್ರೂಡ್ರೈವರ್ ನಿಂತಿತು. "ಎಷ್ಟು ಕಡಿಮೆ?"

"ನೂರು ಮಿಲಿ."

ಅವನು ಎಡಗೈಯನ್ನು ಮಡಿಲಿನಿಂದ ಎತ್ತಿ ನೋಡಿಕೊಂಡ, ಬೇರೆಯವರ ಕೈ ನೋಡುವಂತೆ. "ನಮ್ಮಪ್ಪ ಸಾಯೋತನಕ ಈ ಕೈನ ಬೈದ. ಸತ್ಮೇಲೆ ನಾನು ಬೈದೆ. ನನ್ ಮಗ ಗಾಡಿ ಕೇಳ್ದಾಗ, ನಮ್ ವಂಶದೋರ ಕೈ ಗಾಡಿಗಲ್ಲ ಅಂದೆ. ಅವ್ನೂ ನಂಬ್ದ." ಕೈಯನ್ನು ಮತ್ತೆ ಮಡಿಲಲ್ಲಿ ಇಟ್ಟು ಕೇಳಿದ: "ಅವತ್ತು ಯಾಕ್ ಹೇಳ್ಲಿಲ್ಲ ಅಂತ ಕೇಳಲ್ಲ. ಅದು ಗೊತ್ತಾಗತೈತೆ. ಈಗ್ಯಾಕ್ ಹೇಳ್ದೆ?"

"ನಿದ್ದೆ ಬರಲ್ಲ ಕಣೋ."

"ಓಹೋ. ನಿದ್ದೆಗೆ ಬಂದೀಯ."

ಬಾಗಿಲಲ್ಲಿ ಹೊಲಿಗೆ ಯಂತ್ರದ ಮೇಲ್ಭಾಗವನ್ನು ಕಂಕುಳಲ್ಲಿ ಇಟ್ಟುಕೊಂಡ ಹೆಂಗಸೊಬ್ಬಳು ಬಂದು ನಿಂತಳು. ತಿಪ್ಪೇಶ ನನ್ನನ್ನು ನೋಡದೆ ಅವಳಿಗೆ ಹೇಳಿದ: "ಬರ್ರಿ ಅಕ್ಕ, ಕುಂತ್ಕಳ್ರಿ. ಇವ್ರು ಹೊರಟ್ರು."

ಹೊರಟೆ. ಬಸ್ಸಿನಲ್ಲಿ ಅಳು ಬರಬಹುದು ಎಂದುಕೊಂಡಿದ್ದೆ, ಹಸಿವಾಯಿತು. ಮನೆಗೆ ಬಂದು ಎರಡು ಮುದ್ದೆ ಉಂಡು ಹತ್ತಕ್ಕೆ ಮಲಗಿದೆ. ಕಣ್ಣು ಬಿಟ್ಟಾಗ ಏಳು ಗಂಟೆ, ಕಿಟಕಿಯಲ್ಲಿ ಬಿಸಿಲು. ಹೆಂಡತಿ ನನ್ನ ಎದೆಯ ಮೇಲೆ ಕೈ ಇಟ್ಟು ನೋಡುತ್ತಿದ್ದಳು, ಉಸಿರಿದೆಯೋ ಇಲ್ಲವೋ ಎಂದು.

"ಒಂದ್ಸಲಾನೂ ಏಳ್ಲಿಲ್ಲ ನೀವು. ಗೆಳೆಯನ್ನ ನೋಡ್ಕಂಡು ಬಂದದ್ದು ಎಷ್ಟು ಒಳ್ಳೇದಾತು ನೋಡ್ರಿ," ಎಂದಳು. "ಅವ್ರು ಹೆಂಗದಾರೆ?"

ನಾನು ಎದ್ದು ಹಾಸಿಗೆ ಮಡಚತೊಡಗಿದೆ.