ಅಪ್ಪಾಜಿಯ ಬೈಕು ಮತ್ತು ಎರಡು ನಿಂಬೆಹಣ್ಣು

ನಮ್ಮ ಮನೆಯಲ್ಲಿ ಯಾವುದನ್ನೂ ಚರ್ಚಿಸಿ ತೀರ್ಮಾನಿಸುವುದಿಲ್ಲ. ಮೊದಲು ತೀರ್ಮಾನ, ಆಮೇಲೆ ಕಾಫಿ ಕುಡಿಯುತ್ತಾ ಚರ್ಚೆ. ಅಪ್ಪಾಜಿಯ ಬೈಕನ್ನು ಮಾರುವುದೂ ಹಾಗೆಯೇ ತೀರ್ಮಾನವಾಯಿತು. ಸ್ಟ್ರೋಕ್ ಆಗಿ ಅವರ ಎಡಗೈ ಸೋತಿತ್ತು. ಬೈಕಿನ ಕ್ಲಚ್ಚು ಇರುವುದು ಎಡಗೈಗೇ. ಎಲ್ಲರ ಬದುಕನ್ನೂ ಸರಿಮಾಡುವ ಗುತ್ತಿಗೆ ಹಿಡಿದಿರುವ ನನ್ನ ತಮ್ಮ, ಕೊಳ್ಳುವವನನ್ನೂ ಹುಡುಕಿಟ್ಟಿದ್ದ.

"ಯಾರೂ ಓಡಿಸಲ್ಲ ಅಪ್ಪಾಜಿ, ಸುಮ್ನೆ ಜಾಗ ತಿಂತಿದೆ," ಎಂದ. ಆರ್‌ಪಿಸಿ ಲೇಔಟಿನ ನಮ್ಮ ಗೇಟಿನ ಮುಂದೆ ಅವನ ಕಾರು ಮಾತ್ರ ಗಾಳಿಯಲ್ಲಿ ನಿಂತಿತ್ತೇನೋ!

ಅಪ್ಪಾಜಿ ಜಗಳವಾಡಲಿಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ. ಭಾನುವಾರ ಬಂದರೆ ತಮ್ಮ ಹಣೆಗೂ ಬೈಕಿನ ಹೆಡ್‌ಲೈಟಿಗೂ ವಿಭೂತಿ ಹಚ್ಚಿ, ಊರಂಚಿನ ಉಲ್ಲಾಳದ ನಮ್ಮ ಖಾಲಿ ಸೈಟು ಇನ್ನೂ ಅಲ್ಲೇ ಇದೆಯೇ ಎಂದು ನೋಡಿ ಬರುತ್ತಿದ್ದವರು, ಈಗ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಹಿಚುಕಿ ಹಿಚುಕಿ ಕೈಗೆ ಬಲ ಬರಿಸಿಕೊಳ್ಳಲಿ ಎಂದು ಡಾಕ್ಟರು ಕೊಡಿಸಿದ್ದ ಮೆತ್ತನೆಯ ಚೆಂಡು ಶೋಕೇಸಿನಲ್ಲಿ ಧೂಳು ಹಿಡಿಯುತ್ತಿತ್ತು. "ನಾನೇನು ಮಗುನಾ, ಚೆಂಡಾಡ್ಕೊಂಡು ಕೂತ್ಕೊಳ್ಳಕ್ಕೆ?" ಎನ್ನುತ್ತಿದ್ದರು. ಹಿಚುಕದಿದ್ದರೆ ಆ ಕೈ ಹಾಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದೂ ಅವರ ಕಿವಿಗೆ ಬಿದ್ದಿರಲಿಲ್ಲ.

"ಆಯುಧ ಪೂಜೆ ದಿನ ಮನೇವ್ರು ಯಾರಾದ್ರೂ ಅದನ್ನ ನಿಂಬೆಹಣ್ಣಿನ ಮೇಲೆ ಹತ್ತಿಸಿದ್ರೆ ಇಟ್ಕೊಳ್ಳೋಣ. ಇಲ್ದಿದ್ರೆ ಮಾರ್ಬಿಡಿ," ಎಂದರು ಕೊನೆಗೆ. ಬೈಕಿನ ಬಗ್ಗೆ ಮಾತ್ರ ಹೇಳುತ್ತಿದ್ದಾರೆ ಎಂದು ನನಗನ್ನಿಸಲಿಲ್ಲ.

"ನಾನು ಹತ್ತಿಸ್ತೀನಿ," ಎಂದೆ. ಯಾರು? ನಲವತ್ತು ದಾಟಿದ, ಗೇರೇ ಇಲ್ಲದ ಸ್ಕೂಟರಿನಲ್ಲಿ ವಿಜಯನಗರದ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತರುವ ನಾನು. ತಮ್ಮ ಆಗ ನಕ್ಕ ನಗುವನ್ನು ಇನ್ನೂ ಮರೆತಿಲ್ಲ, ಮರೆಯುವ ಉದ್ದೇಶವೂ ಇಲ್ಲ.

ಪಾಠ ಮನೆಯ ಮುಂದಿನ ರಸ್ತೆಯಲ್ಲೇ ಶುರುವಾಯಿತು. ಗುರುಗಳು ಗೇಟಿನ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಿರಾಜಮಾನ.

"ಕ್ಲಚ್ ಹಿಡಿ. ಫಸ್ಟ್ ಗೇರ್ ಹಾಕು. ಈಗ ಮೆಲ್ಲಗೆ ಬಿಡು."

ಮೆಲ್ಲಗೇ ಬಿಟ್ಟೆ ಎಂದುಕೊಂಡೆ. ಬೈಕು ಕಪ್ಪೆಯಂತೆ ನೆಗೆದು ಆಫ್ ಆಯಿತು.

"ಬಿಸಿ ಪಾತ್ರೆ ಬಿಟ್ಟ ಹಾಗೆ ಬಿಡ್ತೀಯಲ್ಲೇ! ನೋಡಿಲ್ಲಿ, ಹೀಗೆ," ಎಂದು ತೋರಿಸಲು ಎಡಗೈ ಎತ್ತಿದರು. ಬೆರಳುಗಳು ಮಡಚಲಿಲ್ಲ. ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಬಲಗೈಯಲ್ಲಿ ತೋರಿಸಿದರು. ನಾನು ತಲೆ ತಗ್ಗಿಸಿ ಮತ್ತೆ ಸ್ಟಾರ್ಟ್ ಮಾಡಿದೆ, ಮತ್ತೆ ಆಫ್ ಆಯಿತು.

ಜೊತೆಗೆ ಬೀದಿಯ ಉಚಿತ ಉಪನ್ಯಾಸ ಬೇರೆ. ಎದುರುಮನೆ ಅಂಕಲ್ ಹಲ್ಲುಜ್ಜುತ್ತಲೇ "ಹಾಫ್ ಕ್ಲಚ್ಚಮ್ಮಾ, ಹಾಫ್ ಕ್ಲಚ್ಚು!" ಎಂದು ಕೂಗುತ್ತಿದ್ದರು. ಅವರು ಜೀವಮಾನವಿಡೀ ಆಟೋದಲ್ಲಿ ಓಡಾಡಿದವರು. ಸ್ವಲ್ಪ ಧೈರ್ಯ ಬಂದು ವಿಜಯನಗರದ ಸಿಗ್ನಲ್ಲಿನವರೆಗೆ ಹೋದರೆ, ಹಸಿರು ದೀಪ ಬಿದ್ದ ಕ್ಷಣಕ್ಕೇ ಆಫ್. ಹಿಂದಿನಿಂದ ಒಬ್ಬ, "ಆಂಟಿ, ಸ್ಕೂಟರ್ ತಗೊಳ್ಳಿ ಆಂಟಿ!" ಎಂದ. ಗಾಡಿ ನಿಂತಿದ್ದಕ್ಕಲ್ಲ, ಒಂದೇ ಉಸಿರಿಗೆ ಎರಡು ಸಲ ಆಂಟಿ ಎಂದಿದ್ದಕ್ಕೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ಕಿಕ್ ಹೊಡೆದೆ, ಕ್ಲಚ್ಚು ಅದಾಗಿಯೇ ಹದವಾಗಿ ಬಿಟ್ಟುಕೊಂಡಿತು, ಹೊರಟೇಬಿಟ್ಟೆ. ಇಷ್ಟು ದಿನ ಪ್ರೀತಿಯಿಂದ ಹೇಳಿಕೊಟ್ಟರೂ ಬಾರದ್ದು ಆ ಒಂದು ಕೊಬ್ಬಿನ ಮಾತಿಗೆ ಬಂತು ನೋಡಿ.

ಆಯುಧ ಪೂಜೆಯ ಬೆಳಿಗ್ಗೆ ಬೀದಿಯ ವಾಹನಗಳೆಲ್ಲ ಬಾಳೆಕಂದು, ಚೆಂಡುಹೂವು ಹೊತ್ತು ನಿಂತಿದ್ದವು. ಬೈಕಿನ ಎರಡು ಚಕ್ರಗಳ ಮುಂದೆ ಎರಡು ನಿಂಬೆಹಣ್ಣು. ತಮ್ಮ ಮೊಬೈಲ್ ಹಿಡಿದು ವಿಡಿಯೋಗೆ ನಿಂತ. ಪಾಪ, ಕೊಳ್ಳುವವನಿಗೆ ಕಳಿಸಬೇಕಲ್ಲ!

ಕ್ಲಚ್ಚು ಬಿಟ್ಟೆ. ಚಕ್ರ ನಿಂಬೆಹಣ್ಣಿಗೆ ತಾಗಿದ್ದೇ ಗಾಡಿ ಆಫ್. ಹಣ್ಣು ನುಣುಪಾಗಿ ಉರುಳಿ ಚರಂಡಿಯ ಕಡೆ ಹೊರಟಿತು.

"ಆಯ್ತಲ್ಲಕ್ಕಾ, ಇಳಿ," ಎಂದ ತಮ್ಮ.

"ಲೋ, ಸುಮ್ನಿರೋ," ಎಂದರು ಅಪ್ಪಾಜಿ. ಎಷ್ಟೋ ದಿನದ ಮೇಲೆ ಅವರ ದನಿ ಏರಿತ್ತು. "ಆ ಹಣ್ಣು ತಂದು ವಾಪಸ್ ಇಡು."

ತಮ್ಮ ಬಗ್ಗಿ ತಂದಿಟ್ಟ. ಆ ದೃಶ್ಯವನ್ನು ಯಾರೂ ವಿಡಿಯೋ ಮಾಡಲಿಲ್ಲ ಎನ್ನುವುದೊಂದೇ ಬೇಸರ. ನಾನು ಮತ್ತೆ ಸ್ಟಾರ್ಟ್ ಮಾಡಿ, ಮೆಲ್ಲಗೆ ಬೆರಳು ಸಡಿಲಿಸುತ್ತಾ ಬಂದೆ. ಮುಂದಿನ ಹಣ್ಣು ಚಪ್ ಎಂದಿತು, ಹಿಂದಿನದೂ ಚಪ್ ಎಂದಿತು. ಎದುರುಮನೆ ಅಂಕಲ್ ತಾವೇ ಕಲಿಸಿದಂತೆ ಚಪ್ಪಾಳೆ ತಟ್ಟಿದರು.

ಅಪ್ಪಾಜಿ ಕುರ್ಚಿಯಿಂದ ಎದ್ದರು. "ನನ್ನ ಹೆಲ್ಮೆಟ್ ತಗೊಂಬಾ. ಉಲ್ಲಾಳಕ್ಕೆ ಹೋಗ್ಬರೋಣ."

"ಅಪ್ಪಾಜಿ, ಬೇಕಾದ್ರೆ ಕಾರಲ್ಲಿ..." ಎಂದ ತಮ್ಮ.

"ನಿನ್ನ ಕಾರು ನೀನೇ ಇಟ್ಕೋ. ಹಿಡ್ಕೋ, ಹತ್ಬೇಕು."

ಹತ್ತಿ ಕೂತರು. ಬಲಗೈ ಹಿಂದಿನ ಕಂಬಿ ಹಿಡಿಯಿತು, ಎಡಗೈಯನ್ನು ತಮ್ಮ ಎತ್ತಿ ನನ್ನ ಹೆಗಲ ಮೇಲಿಟ್ಟ. ಹೊರಟೆವು. ತಿರುವು ದಾಟಿ ಸೆಕೆಂಡ್ ಗೇರ್ ಹಾಕುವಾಗ ಹೆಗಲ ಮೇಲೆ ಏನೋ ಮೆತ್ತಗೆ ಒತ್ತಿದಂತಾಯಿತು. ಥರ್ಡ್ ಹಾಕಿದೆ. ಮತ್ತೆ ಒತ್ತಿತು. ಅಪ್ಪಾಜಿ ನನ್ನ ಹೆಗಲಲ್ಲಿ ಕ್ಲಚ್ಚು ಹಿಡಿಯುತ್ತಿದ್ದರು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಹಬ್ಬದ ದಿನ, ಉಲ್ಲಾಳದ ರಸ್ತೆ ಖಾಲಿ. ಟಾಪ್ ಗೇರಿನಲ್ಲಿ ಹಾಯಾಗಿ ಹೋಗಬಹುದಿತ್ತು. ನಾನು ಸೆಕೆಂಡಿಗೆ ಇಳಿಸಿದೆ, ಮತ್ತೆ ಏರಿಸಿದೆ, ಮತ್ತೆ ಇಳಿಸಿದೆ. ಎಂಜಿನ್ನು ಗೊಣಗಿತು.

"ಯಾಕೇ ಸುಮ್‌ಸುಮ್ನೆ ಗೇರ್ ಬದಲಾಯಿಸ್ತೀಯ? ಎಷ್ಟು ಹೇಳ್ಕೊಟ್ರೂ ಅಷ್ಟೇ ನಿಂದು!" ಎಂದು ಬೈದರು.

"ಇನ್ನೂ ಸರಿಯಾಗಿ ಬಂದಿಲ್ಲ ಅಪ್ಪಾಜಿ," ಎಂದು ಮತ್ತೆ ಕ್ಲಚ್ಚು ಹಿಡಿದೆ. ಹೆಗಲ ಮೇಲೆ ಅವರ ಬೆರಳುಗಳು ಮಡಚಿದವು.