ಮಾಳಿಗೆ ಹತ್ತಿದ ಕೆಂಪು ಬಾಳೆ

ಕಮಲಾಪುರದ ಹೆಣ್ಣುಮಗಳಿಗೆ ಕೆಂಪು ಬಾಳೆ ಬೆಳೆಸುವುದನ್ನು ಯಾರಾದರೂ ಹೇಳಿಕೊಡಬೇಕೆ? ಆ ಜಂಬವೇ ಸೂಗಮ್ಮನಿಗೆ ಮುಳುವಾಯಿತು ನೋಡಿ.

ಕಲಬುರಗಿಯ ಸ್ಟೇಶನ್ ಬಜಾರದ ಹಿಂದೆ, ಇಕ್ಕಟ್ಟು ಗಲ್ಲಿಯಲ್ಲಿ ಅವಳ ಬಾಡಿಗೆ ಮನೆ. ಕೆಳಗೆ ಸೂಗಮ್ಮ, ಮೇಲೆ ಮನೆಯ ಮಾಲಕಿ ಇಂದೂಬಾಯಿ, ಅವರ ತಲೆಯ ಮೇಲೆ ಬಟಾಬಯಲು ಮಾಳಿಗೆ. ಅಂಗಳವೆಂಬುದು ಇಬ್ಬರಿಗೂ ಇಲ್ಲ. ಹೊಸ್ತಿಲು ದಾಟಿದರೆ ಆಟೋ ಮೈಮೇಲೆ ಬರುತ್ತದೆ. ಇಂದೂಬಾಯಿಯವರ ತುಳಸಿ ಕೂಡ ಮೆಟ್ಟಿಲ ಕತ್ತಲಲ್ಲಿ ಬಡಕಲಾಗಿ ನಿಂತಿತ್ತು.

ಹಗಲೆಲ್ಲ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸೂಗಮ್ಮನಿಗೆ ಸಂಜೆಗೊಂದಿಷ್ಟು ಗಾಳಿ, ತಲೆಯ ಮೇಲೊಂದು ಆಕಾಶ ಬೇಕೇ ಬೇಕು. ಮಾಳಿಗೆಯಲ್ಲಿ ಹಳೆಯ ಡ್ರಮ್ಮುಗಳಿಗೆ ಮಣ್ಣು ತುಂಬಿ ಮೆಂತ್ಯ, ಬದನೆ ಹಾಕಿದಳು. ಚಾಪೆ ಹಾಸಿ ಅಲ್ಲೇ ಚಹಾ, ಅಲ್ಲೇ ಊಟ. ಅಷ್ಟಕ್ಕೇ ಸುಮ್ಮನಿರಬಾರದಿತ್ತೆ! ತವರಿನಿಂದ ಬಾಳೆಯ ಕಂದು ತಂದಳು. ಡ್ರಮ್ಮಿನಲ್ಲಿ ನೆಟ್ಟರೆ ಬಾಳೆಗೆ ಅವಮಾನವೆಂದು ಮೂಲೆಯಲ್ಲಿ ಇಟ್ಟಂಗಿಯ ಕಟ್ಟೆ ಕಟ್ಟಿ, ಮಣ್ಣು ಸುರಿದು, ತೋಟದಲ್ಲಿ ಮಾಡಿದ ಹಾಗೆ ಪಾತಿಯ ತುಂಬ ನೀರು ನಿಲ್ಲಿಸಿದಳು. ತೋಟದಲ್ಲಾದರೆ ಆ ನೀರನ್ನು ಭೂಮಿ ಕುಡಿಯುತ್ತಿತ್ತು. ಇಲ್ಲಿ ಅದು ಪೂಜೆಗೆ ಕೂತ ಇಂದೂಬಾಯಿಯವರ ನೆತ್ತಿಯ ಮೇಲೆ ತೊಟ್ಟಿಕ್ಕಿತು.

ಅವರು ಮತ್ತೊಮ್ಮೆ ಸ್ನಾನ ಮಾಡಿ, ಮಾಳಿಗೆಯ ಬಾಗಿಲಿಗೆ ಕೀಲಿ ಜಡಿದು, ಸೂಗಮ್ಮನ ಹೊಸ್ತಿಲಿಗೆ ಇಳಿದು ಬಂದರು.

“ಇನ್ನ ಮ್ಯಾಲ ಕಾಲಿಡಬ್ಯಾಡ ಸೂಗಮ್ಮ. ಅದೇನು ಮಾಳಿಗಿನೋ, ನಿಮ್ಮ ಕಮಲಾಪುರದ ತ್ವಾಟಾನೋ?”

“ತಪ್ಪು ನಂದರೀ ಬಾಯಾರ. ಸೋರೋದು ನಾನೇ ನಿಲ್ಲಸ್ತೀನಿ. ಆದ್ರ ಮಾಳಿಗಿ ಮಾತ್ರ ಬಿಡಂಗಿಲ್ಲ. ಎಳ್ಳಮಾಸಿ ಬಂತು, ಹೊಲ ಇಲ್ದಾಕಿ ಚರಗ ಎಲ್ಲಿ ಚೆಲ್ಲಲಿ?”

ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ, ಮಾಡಿದ ಅಡುಗೆಯನ್ನೇ ಭೂಮಿತಾಯಿಗೆ ಚರಗವೆಂದು ಚೆಲ್ಲಿ, ಬಯಲಲ್ಲೇ ಕೂತು ಕಾಳು-ಕಾಯಿಪಲ್ಲೆ ಬೆರೆಸಿದ ಭಜ್ಜಿ, ರೊಟ್ಟಿ ಉಣ್ಣದಿದ್ದರೆ ಈ ಸೀಮೆಯ ಮಂದಿಗೆ ವರ್ಷವೇ ಕಳೆಯುವುದಿಲ್ಲ. ಇಂದೂಬಾಯಿಗೂ ಅದು ಗೊತ್ತು. ಕೀಲಿಕೈ ಕೊಟ್ಟರು.

“ಒಂದ ಹನಿ ಬಿದ್ರೂ ನಿನ್ನ ಬಾಳಿ ಬೀದಿಗೆ!”

ಸೂಗಮ್ಮ ಖಾನಾವಳಿಗೆ ರಜೆ ಹಾಕಿ, ಗೌಂಡಿ ಕರೀಂಸಾಬನನ್ನು ಕರೆತಂದಳು. ಕಟ್ಟೆ ಕಿತ್ತರು, ಬಿರುಕಿಗೆಲ್ಲ ಸಿಮೆಂಟು ತುಂಬಿದರು, ನೀರು ಹರಿದುಹೋಗಲು ಇಳಿಜಾರು ಮಾಡಿದರು. ಬಾಳೆ ಡ್ರಮ್ಮಿಗೆ ಇಳಿಯಿತು, ಡ್ರಮ್ಮು ಇಟ್ಟಂಗಿಯ ಮೇಲೆ ಕೂತಿತು. “ಅವಮಾನ ಆತೇನು? ನನಗೂ ಆಗೇದ, ಸುಮ್ನ ಬೆಳಿ,” ಎಂದು ಬಾಳೆಯನ್ನೇ ಗದರಿದಳು.

ಅಮಾವಾಸ್ಯೆಯ ಬೆಳಿಗ್ಗೆ ಪರೀಕ್ಷೆ. ಭಜ್ಜಿ-ರೊಟ್ಟಿಯ ಬುತ್ತಿ ಕಟ್ಟಿಟ್ಟು, ಸೂಗಮ್ಮ ಮಾಳಿಗೆಯ ತುಂಬ ಕೊಡಗಟ್ಟಲೆ ನೀರು ಸುರಿದಳು. ಕೆಳಗೆ ಇಂದೂಬಾಯಿ ದೇವರಮನೆಯಲ್ಲಿ ಮುಖ ಮೇಲೆ ಮಾಡಿ ಕೂತಿದ್ದರು. ಎಷ್ಟು ಹೊತ್ತಾದರೂ ಹೂಂ ಇಲ್ಲ, ಉಹೂಂ ಇಲ್ಲ. ಸೂಗಮ್ಮ ಮೆಟ್ಟಿಲ ಬಾಗಿಲಿಗೆ ಬಂದು ಕಿವಿಗೊಟ್ಟಳು. ಸೋರಿರಬೇಕು, ಮುಗೀತು ನನ್ನ ಕಥೆ ಅಂದುಕೊಂಡಳು.

ಮೆಟ್ಟಿಲಲ್ಲಿ ಏದುಸಿರು ಕೇಳಿತು. ಇಂದೂಬಾಯಿ ಆ ಬಡಕಲು ತುಳಸಿಯ ಕುಂಡವನ್ನು ಅವುಚಿಕೊಂಡು ಮೇಲೆ ಬಂದರು.

“ಇದಕ್ಕೂ ಸ್ವಲ್ಪ ಬಿಸಿಲು ಬೇಕಾಗೇದ,” ಎಂದು ಬಾಳೆಯ ಪಕ್ಕಕ್ಕೇ ಇಟ್ಟು, ತುಂಬಿದ ಕೊಡ ಎತ್ತಿ ಕುಂಡಕ್ಕೆ ಬಗ್ಗಿಸಹೋದರು.

ಸೂಗಮ್ಮ ಅಡ್ಡ ಬಂದಳು.

“ನೋಡಿ ಹಾಕ್ರೀ ಬಾಯಾರ, ಕೆಳಗ ದೇವರದಾವ!”