ಗೋದಾಮಿಗೆ ಬರಬೇಕಿದ್ದ ಗ್ಯಾಸ್

ಮುಂದಿನ ತಿಂಗಳ ದರಕ್ಕೆ ಇವತ್ತೇ ಸೌದಾ ಮಾಡುವ ವಾಯಿದೆ ವ್ಯಾಪಾರ ಹುಮನಾಬಾದಿಗೆ ಹೊಸದಾಗಿ ಬಂದಾಗ, ಅದರ ಕಚೇರಿಯಲ್ಲಿ ನಾನು ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ದಿನಾ ಬರುವ ಗಿರಾಕಿಗಳಲ್ಲಿ ಒಬ್ಬರು ತೊಗರಿ ವ್ಯಾಪಾರಿ. ಚೀಲಕ್ಕೆ ಕೈಹಾಕಿ ಎರಡು ಕಾಳು ಕಡಿದು ನೋಡದೆ ದರ ಹೇಳಿದವರಲ್ಲ. "ಮಾಲ್ ನೋಡದೇ ಮಾತಿಲ್ರಿ" ಎನ್ನುವುದು ಅವರ ಖಾಯಂ ಮಾತು.

ಅಂಥವರಿಗೆ ನೈಸರ್ಗಿಕ ಅನಿಲದ ಮೇಲೆ ಮನಸ್ಸಾಯಿತು. ಅಮೆರಿಕದಲ್ಲಿ ಗ್ಯಾಸಿನ ಕೊಳವೆಗಳು ಬಂದು ಕೂಡುವ ಒಂದು ಜಾಗವಿದೆ, ಅಲ್ಲಿನ ದರ ಹಿಡಿದೇ ಉಳಿದ ಕಡೆ ದರ ಕಟ್ಟುತ್ತಾರೆ ಎಂದು ನಾನು ವಿವರಿಸತೊಡಗಿದೆ.

"ಗೊತ್ತಾತು ಬಿಡ್ರಿ. ಘಾಟಬೋರಾಳ ಹಳ್ಳಿ ತೊಗರಿಗಿ ನಮ್ಮ ಹುಮನಾಬಾದ್ ದರದಾಗ ಗಾಡಿ ಬಾಡಿಗಿ ಕಳೀತೀವಲ್ಲ, ಹಂಗ" ಎಂದರು.

ಅಲ್ಲಿ ಚಳಿ ಹೆಚ್ಚಾದರೆ ದರ ಏರುತ್ತದೆ ಎಂದು ತಿಳಿದ ಮೇಲೆ, ಬಂದೊಡನೆ "ಅಮೆರಿಕಾದಾಗ ಥಂಡಿ ಹ್ಯಾಂಗದರಿ?" ಎಂದು ಕೇಳುತ್ತಿದ್ದರು. ಕೊನೆಗೊಂದು ಸೌದಾ ಕೊಂಡರು.

ವಾಯಿದೆ ಮುಗಿಯುವ ದಿನ ಅವರು ಬರಲಿಲ್ಲ. ಹುಡುಕಿಕೊಂಡು ಗೋದಾಮಿಗೆ ಹೋದೆ. ತೊಗರಿ ಚೀಲಗಳೆಲ್ಲ ಅಂಗಳಕ್ಕೆ ಬಂದಿದ್ದವು. ಹಮಾಲರು ಕಿಟಕಿಯ ಸಂದಿಗಳಿಗೆ ಒದ್ದೆ ಗೋಣಿತಟ್ಟು ತುರುಕುತ್ತಿದ್ದರು. ಬಾಗಿಲಲ್ಲಿ ವ್ಯಾಪಾರಿ ನಿಂತಿದ್ದರು, ಬಾಯಲ್ಲಿ ಹಚ್ಚದ ಬೀಡಿ.

"ಸಾವಕಾರ್ರ, ಇದರಾಗ ಗ್ಯಾಸ್ ಬರಂಗಿಲ್ರಿ. ದರದ ಫರಕಿನ ರೊಕ್ಕಷ್ಟೇ ಕೈಗಿ ಬರ್ತದ. ನಿಮಗ ಫಾಯದಾನೇ ಆಗ್ಯದ" ಎಂದೆ.

"ಮಾಲ್ ಬರಂಗೇ ಇಲ್ಲ?"

"ಇಲ್ರಿ."

ಖಾಲಿ ಗೋದಾಮನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನತ್ತ ಕೈಚಾಚಿದರು.

"ಹಂಗಾದ್ರ ಕಡ್ಡಿಪೆಟ್ಟಿಗಿ ಕೊಡ್ರಿ. ಮುಂಜಾನಿಂದ ಬೀಡಿ ಹಚ್ಚಿಲ್ಲ."